ನಲ್ಲಿ ಒಣಗಿದರೆ, ಮ್ಯಾನ್‌ಹೋಲ್ ಉಕ್ಕಿದರೆ: ಬೆಂಗಳೂರಿನಲ್ಲಿ ಕೋರ್ಟ್ ತನಕ ಹೋಗುವ ದಾರಿ

"ಹೀಗೇ ಬಿಟ್ರೆ ಆಗಲ್ಲ, ಕೋರ್ಟ್‌ಗೆ ಹಾಕ್ಬಿಡೋಣ" ಅಂತ ಬಡಾವಣೆ ಸಂಘದ ಸಭೆಯಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಮರುದಿನ ಬೆಳಿಗ್ಗೆ ಟ್ಯಾಂಕರ್‌ನವನಿಗೆ ಫೋನ್ ಹೋಗುತ್ತದೆ, ಕೋರ್ಟ್ ವಿಚಾರ ಅಲ್ಲಿಗೆ ಮುಗಿಯುತ್ತದೆ. ಯಾವ ಕೋರ್ಟ್, ಏನು ಬರೆಯಬೇಕು, ಎಷ್ಟು ಖರ್ಚು ಅಂತ ಯಾರಿಗೂ ಗೊತ್ತಿಲ್ಲದಿದ್ದರೆ ಇನ್ನೇನಾಗುತ್ತದೆ ಹೇಳಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೀರಿನ ಕೇಸು ಗೆಲ್ಲುವುದೋ ಸೋಲುವುದೋ ಅನ್ನುವುದು ಹೈಕೋರ್ಟ್‌ಗೆ ಹೋಗುವ ಮೊದಲೇ, ಜಲಮಂಡಳಿ ಕಚೇರಿಯ ಟಪಾಲು ಮೇಜಿನ ಮುಂದೆ ಅರ್ಧ ತೀರ್ಮಾನ ಆಗಿರುತ್ತದೆ. ಅಲ್ಲಿ ಸೀಲ್ ಹಾಕಿಸಿಕೊಂಡ ಕಾಗದ ಕೈಯಲ್ಲಿ ಇರುವವರ ಮಾತಿಗೆ ಬೆಲೆ ಬರುತ್ತದೆ. ಹಾಗಾಗಿ ಈ ಬರಹದಲ್ಲಿ ಕೋರ್ಟ್‌ಗಿಂತ ಕಾಗದದ ಮಾತೇ ಸ್ವಲ್ಪ ಜಾಸ್ತಿ.

ಈ ಹಕ್ಕು ಎಲ್ಲಿದೆ?

ಸಂವಿಧಾನದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ "ನೀರು" ಅನ್ನುವ ಮಾತು ಹುಡುಕಿದರೆ ಸಿಗುವುದಿಲ್ಲ. ಇರುವುದು 21ನೇ ವಿಧಿ, ಜೀವಿಸುವ ಹಕ್ಕು. ಆ ವಿಧಿಯೊಳಗೇ ನೀರಿದೆ ಅಂತ ತೋರಿಸಿಕೊಟ್ಟದ್ದು ನ್ಯಾಯಾಲಯಗಳು. 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾಲಿನ್ಯ ಇಲ್ಲದ ನೀರು ಮತ್ತು ಗಾಳಿ ಪಡೆಯುವುದು ಜೀವಿಸುವ ಹಕ್ಕಿನ ಭಾಗ ಎಂದಿತು. ಇದನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಆ ಅರ್ಜಿದಾರ ಸೋತಿದ್ದ ಅನ್ನುವುದನ್ನು ಜಾಸ್ತಿ ಜನ ಹೇಳುವುದಿಲ್ಲ. ಸಾರ್ವಜನಿಕ ಹಿತ ಅಂತ ಬಂದವರಿಗೆ ಒಳಗೆ ಸ್ವಂತ ಲಾಭದ ಲೆಕ್ಕ ಇದೆ ಅಂತ ಕೋರ್ಟ್‌ಗೆ ಅನಿಸಿತು, ಅರ್ಜಿ ವಜಾ ಆಯಿತು. ಪಿಐಎಲ್, ಅಂದರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಹಾಕಲು ಹೊರಟವರು ಇದನ್ನು ನೆನಪಿಟ್ಟುಕೊಳ್ಳಬೇಕು.

2000ದಲ್ಲಿ ನರ್ಮದಾ ಅಣೆಕಟ್ಟು ಪ್ರಕರಣದ ತೀರ್ಪಿನಲ್ಲಿ ನೀರು 21ನೇ ವಿಧಿಯ ಭಾಗ ಅನ್ನುವುದು ಇನ್ನೂ ಸ್ಪಷ್ಟವಾಗಿ ಬಂತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕು ಎಂದು ಒಪ್ಪಿದ್ದು 2010ರ ಜುಲೈನಲ್ಲಿ.

ಚರಂಡಿ, ಶೌಚಾಲಯದ ವಿಷಯಕ್ಕೆ ನನ್ನ ಪ್ರಕಾರ ಈಗಲೂ ದೊಡ್ಡ ಆಯುಧ 1980ರ ರತ್ಲಾಂ ಪ್ರಕರಣ. ಮಧ್ಯಪ್ರದೇಶದ ರತ್ಲಾಂ ಊರಿನ ಒಂದು ವಾರ್ಡ್ ಜನ, ತೆರೆದ ಮೋರಿ ಮತ್ತು ದುರ್ನಾತದಿಂದ ಬೇಸತ್ತು ಮ್ಯಾಜಿಸ್ಟ್ರೇಟ್ ಹತ್ತಿರ ಹೋದರು. ಮ್ಯಾಜಿಸ್ಟ್ರೇಟ್ ಆದೇಶ ಕೊಟ್ಟರು. ಪುರಸಭೆ "ನಮ್ಮ ಹತ್ತಿರ ದುಡ್ಡಿಲ್ಲ" ಅಂತ ಸುಪ್ರೀಂ ಕೋರ್ಟ್ ತನಕ ಹೋಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಅದನ್ನು ಒಪ್ಪಲಿಲ್ಲ. ಕಾನೂನು ಹೊರಿಸಿದ ಮೂಲ ಕರ್ತವ್ಯದಿಂದ ದುಡ್ಡಿಲ್ಲ ಅನ್ನುವ ನೆಪ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದಿತು. "ಅನುದಾನ ಬಂದಿಲ್ಲ, ಟೆಂಡರ್ ಆಗಿಲ್ಲ" ಅಂತ ನಿಮಗೂ ಉತ್ತರ ಬಂದಿದ್ದರೆ, ನಿಮ್ಮ ಅರ್ಜಿಯಲ್ಲಿ ಮೊದಲು ಬರಬೇಕಾದ ತೀರ್ಪು ಇದೇ.

ಬೆಂಗಳೂರಿಗಂತೂ ಕೋರ್ಟ್‌ನಿಂದ ನೀರು ಬಂದದ್ದು ಅಕ್ಷರಶಃ ನಿಜ. ಕಾವೇರಿ ನ್ಯಾಯಮಂಡಳಿ 2007ರಲ್ಲಿ, ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಅಂತ ಲೆಕ್ಕ ಹಾಕಿ ನಮಗೆ ನೀರು ಕಡಿಮೆ ಇಟ್ಟಿತ್ತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಡೀ ನಗರದ ಕುಡಿಯುವ ನೀರಿನ ಅಗತ್ಯ ನೋಡಿ, ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿಗೆ ಅಂತಲೇ ಇಟ್ಟಿತು. 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ (ಎಂಎಲ್‌ಡಿ) ಸಾಮರ್ಥ್ಯದ ಕಾವೇರಿ ಯೋಜನೆಯ ಐದನೇ ಹಂತ ಶುರುವಾಯಿತು. ಉದ್ದೇಶ, ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡುವುದು. ಹಾಗಾಗಿ ಆ ಭಾಗದಲ್ಲಿ ಈಗ "ನೀರೇ ಇಲ್ಲ" ಅನ್ನುವ ಉತ್ತರ ಬಂದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಪೈಪ್ ಬಂದಿಲ್ಲವಾ, ವಾಲ್ವ್ ತೆಗೆಯುತ್ತಿಲ್ಲವಾ, ಸಂಪರ್ಕಕ್ಕೆ ಅರ್ಜಿಯೇ ಹಾಕಿಲ್ಲವಾ ಅಂತ ಬಿಡಿಸಿ ಕೇಳಿ.

ಹೆಜ್ಜೆ 1: ಯಾರ ಮೇಲೆ ದೂರು ಅಂತ ತೀರ್ಮಾನಿಸಿ

ಇಲ್ಲೇ ಅರ್ಧ ಜನ ಸುಸ್ತಾಗುವುದು. ನಲ್ಲಿ ನೀರು ಮತ್ತು ಒಳಚರಂಡಿ, ಅಂದರೆ ಯುಜಿಡಿ, ಜಲಮಂಡಳಿಯದು. ರಸ್ತೆ ಪಕ್ಕದ ಮಳೆನೀರು ಚರಂಡಿ ಪಾಲಿಕೆಯದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆಗಳಿವೆ. ನಿಮ್ಮ ರಸ್ತೆ ಯಾವುದರಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಹಳೇ ಹೆಸರಿಗೆ ಬರೆದ ಪತ್ರ ಮೇಜಿಂದ ಮೇಜಿಗೆ ತಿರುಗುತ್ತಾ ಕೂರುತ್ತದೆ.

ಕಾರ್ಖಾನೆ ಅಥವಾ ಅಪಾರ್ಟ್‌ಮೆಂಟ್ ಕೊಳಚೆಯನ್ನು ಕೆರೆಗೆ ಬಿಡುತ್ತಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಬಿಲ್ಡರ್ ಕಾವೇರಿ ನೀರು ಕೊಡುತ್ತೇನೆ ಅಂತ ಮಾರಿ ಆಮೇಲೆ ಕೈ ಎತ್ತಿದ್ದರೆ ಅದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಅಥವಾ ಗ್ರಾಹಕ ಆಯೋಗದ ವಿಷಯ, ಜಲಮಂಡಳಿಯನ್ನು ಬೈದು ಪ್ರಯೋಜನ ಇಲ್ಲ.

ತಲೆನೋವು ಇರುವುದು ಎರಡು ಇಲಾಖೆ ಸೇರುವ ಜಾಗದಲ್ಲಿ. ಯುಜಿಡಿ ಕಟ್ಟಿಕೊಂಡು ಮಳೆನೀರು ಚರಂಡಿಗೆ ಹರಿಯುತ್ತಿದೆ ಅಂದುಕೊಳ್ಳಿ. ಜಲಮಂಡಳಿ ಎಂಜಿನಿಯರ್ "ಅದು ಪಾಲಿಕೆ ಚರಂಡಿ ಸರ್" ಅನ್ನುತ್ತಾರೆ. ಪಾಲಿಕೆಯವರು "ಅದು ಸ್ಯಾನಿಟರಿ ನೀರು, ನಮ್ಮದಲ್ಲ" ಅನ್ನುತ್ತಾರೆ. ಇಂಥ ಕಡೆ ಇಬ್ಬರಿಗೂ ಒಂದೇ ಪತ್ರ, ಒಂದೇ ದಿನ ಕೊಡಿ. ಮುಂದೆ ಕೋರ್ಟ್‌ನಲ್ಲೂ ಇಬ್ಬರನ್ನೂ ಪ್ರತಿವಾದಿ ಮಾಡಿ. ಇಬ್ಬರೂ ಒಂದೇ ಹಾಲ್‌ನಲ್ಲಿ ನಿಂತಾಗ ಒಬ್ಬರ ಮೇಲೊಬ್ಬರು ಹಾಕುವ ಆಟ ಬೇಗ ನಿಲ್ಲುತ್ತದೆ.

ಹೆಜ್ಜೆ 2: ಒಂದು ನೋಟ್‌ಬುಕ್ ಇಡಿ

ವಾಟ್ಸಾಪ್ ಗ್ರೂಪ್‌ನ ಜಗಳ ದಾಖಲೆ ಅಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ತೊಗೊಳ್ಳಿ. ದಿನಾಂಕ, ನೀರು ಬಂದ ಸಮಯ, ನಿಂತ ಸಮಯ, ಸಂಪ್ ಎಷ್ಟು ತುಂಬಿತು, ಟ್ಯಾಂಕರ್ ಬಂದಿದ್ದರೆ ಎಷ್ಟು ಲೀಟರ್, ಎಷ್ಟು ದುಡ್ಡು, ಇಷ್ಟು ಸಾಕು. ರಸ್ತೆಯಲ್ಲಿ ಮೂರು ಮನೆಯವರು ಬೇರೆ ಬೇರೆಯಾಗಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ಟ್ಯಾಂಕರ್ ರಸೀದಿ ಕೇಳಿ ಪಡೆಯಿರಿ. ಕೊಡಲ್ಲ ಅಂದರೆ ದುಡ್ಡನ್ನು ಯುಪಿಐನಲ್ಲೇ ಕೊಡಿ, ಲೆಕ್ಕ ತಾನಾಗಿಯೇ ಉಳಿಯುತ್ತದೆ.

ಪ್ರತಿ ಸಲವೂ ಜಲಮಂಡಳಿಯ 1916ಕ್ಕೆ ದೂರು ಹೇಳಿ ದೂರು ಸಂಖ್ಯೆ ಬರೆದುಕೊಳ್ಳಿ. ವಾಲ್ವ್‌ಮನ್‌ಗೆ ಫೋನ್ ಮಾಡಿ ಕೆಲಸ ಮಾಡಿಸಿಕೊಳ್ಳುವುದು ನಮಗೆಲ್ಲ ರೂಢಿ. ನೀರು ಬರುತ್ತದೆ, ನಿಜ. ಆದರೆ ಕಾಗದದಲ್ಲಿ ನಿಮ್ಮ ರಸ್ತೆಗೆ ಸಮಸ್ಯೆಯೇ ಇಲ್ಲ ಅಂತ ಆಗುತ್ತದೆ. "ಈ ಭಾಗದಿಂದ ದೂರುಗಳು ಬಂದಿಲ್ಲ" ಅಂತ ನಾಳೆ ಅಫಿಡವಿಟ್ ಹಾಕಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ನೀರು ಕೆಟ್ಟ ವಾಸನೆ ಬರುತ್ತಿದ್ದರೆ, ಬಣ್ಣ ಬದಲಾಗಿದ್ದರೆ ಫೋಟೋ ಸಾಲದು. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರೇ ಕೊಡುವ ಶುದ್ಧ ಬಾಟಲಿಯಲ್ಲೇ ಮಾದರಿ ಹಿಡಿಯಬೇಕು. ಮನೆಯ ಹಳೇ ನೀರಿನ ಬಾಟಲಿಯಲ್ಲಿ ಹಿಡಿದು ಕೊಟ್ಟರೆ ಎದುರಿನ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. ಸಂಪ್‌ನಿಂದ ಹಿಡಿಯಬೇಡಿ, ಮೀಟರ್ ಪಕ್ಕದ ನಲ್ಲಿಯಿಂದ ಹಿಡಿಯಿರಿ. ಇಲ್ಲದಿದ್ದರೆ "ನಿಮ್ಮ ಸಂಪ್ ಕ್ಲೀನ್ ಇಲ್ಲ" ಅನ್ನುತ್ತಾರೆ. ವರದಿಯನ್ನು ಕುಡಿಯುವ ನೀರಿನ ಐಎಸ್ 10500 ಮಾನದಂಡದ ಜೊತೆ ಹೋಲಿಸಿ ನೋಡಿ. ಅದರ ಪ್ರಕಾರ 100 ಮಿ.ಲೀ. ಮಾದರಿಯಲ್ಲಿ ಇ-ಕೋಲಿ ಒಂದೂ ಕಾಣಿಸಬಾರದು. ಕಾಣಿಸಿತು ಅಂದರೆ ಕೊಳಚೆ ಎಲ್ಲೋ ಸೇರುತ್ತಿದೆ. ಅಂಥ ಕೇಸಿನಲ್ಲಿ ಮುಂದಿನ ಹೆಜ್ಜೆಗಳಿಗೆಲ್ಲ ತಿಂಗಳುಗಟ್ಟಲೆ ಕಾಯಬೇಡಿ.

ಹೆಜ್ಜೆ 3: ಸೀಲ್ ಇರುವ ಮನವಿ ಪತ್ರ

ಅಧಿಕಾರಿಯ ಕೈಯಲ್ಲಿ ಕೆಲಸ ಮಾಡಿಸಲು ಹೈಕೋರ್ಟ್ ಕೊಡುವ ಆದೇಶಕ್ಕೆ ಪರಮಾದೇಶ ಅಥವಾ ಮ್ಯಾಂಡಮಸ್ ರಿಟ್ ಅನ್ನುತ್ತಾರೆ. ಅದನ್ನು ಕೇಳುವ ಮೊದಲು ನೀವು ಆ ಅಧಿಕಾರಿಯನ್ನು ಕೇಳಿರಬೇಕು, ಅವರು ಇಲ್ಲ ಅಂದಿರಬೇಕು ಅಥವಾ ಸುಮ್ಮನಿರಬೇಕು. ನ್ಯಾಯಮೂರ್ತಿಗಳು ಮೊದಲು ಕೇಳುವುದೇ "ಮನವಿ ಕೊಟ್ಟಿದ್ದೀರಾ?" ಅಂತ.

ಪತ್ರ ಒಂದೂವರೆ ಪುಟ ದಾಟಬಾರದು. ಸಿಟ್ಟು ಬೇಡ, ಕವಿತೆ ಬೇಡ. ಈ ಧಾಟಿಯಲ್ಲಿ ಇರಲಿ:

"ಮಾನ್ಯರೇ, ಮೇಲಿನ ವಿಳಾಸದ ರಸ್ತೆಯಲ್ಲಿ ನಾವು ವಾಸವಾಗಿದ್ದು, ನಮ್ಮ ಸಂಪರ್ಕಗಳ ಆರ್.ಆರ್. ಸಂಖ್ಯೆಗಳನ್ನು ಲಗತ್ತಿಸಿದ್ದೇವೆ. ಕಳೆದ ಎರಡು ತಿಂಗಳಿನಿಂದ ನೀರು ವಾರಕ್ಕೆ ಒಂದು ದಿನ ಮಾತ್ರ, ಒಂದು ಗಂಟೆಗಿಂತ ಕಡಿಮೆ ಬರುತ್ತಿದೆ. ದಿನವಾರು ವಿವರ ಮತ್ತು 1916ಕ್ಕೆ ಕೊಟ್ಟ ದೂರುಗಳ ಸಂಖ್ಯೆ ಲಗತ್ತಿಸಿದೆ. ಸ್ಥಳ ಪರಿಶೀಲನೆ ಮಾಡಿ, ಕಾರಣವನ್ನು ಲಿಖಿತವಾಗಿ ತಿಳಿಸಿ, ಹದಿನೈದು ದಿನಗಳೊಳಗೆ ನೀರು ಪೂರೈಕೆ ಸರಿಪಡಿಸಬೇಕೆಂದು ಕೋರುತ್ತೇವೆ."

ನಿಮ್ಮ ಸಂಖ್ಯೆ ಏನಿದೆಯೋ ಅದನ್ನೇ ಹಾಕಿ, ಒಂದು ದಿನವೂ ಉಬ್ಬಿಸಬೇಡಿ. ಸಹಾಯಕ ಕಾರ್ಯಪಾಲಕ ಎಂಜಿನಿಯರ್‌ಗೆ ಬರೆಯಿರಿ, ಪ್ರತಿಯನ್ನು ಅವರ ಮೇಲಿನ ಕಾರ್ಯಪಾಲಕ ಎಂಜಿನಿಯರ್‌ಗೆ ಮತ್ತು ಮಂಡಳಿ ಅಧ್ಯಕ್ಷರಿಗೆ ಕಳಿಸಿ.

ಇನ್ನು ಕೊಡುವ ಕ್ರಮ. ಎರಡು ಪ್ರತಿ ತೊಗೊಂಡು ಹೋಗಿ. ಟಪಾಲು ತೊಗೊಳ್ಳುವವರು ಒಂದನ್ನು ಟ್ರೇಗೆ ಹಾಕಿಕೊಂಡು "ಆಯ್ತು ಹೋಗಿ" ಅನ್ನುತ್ತಾರೆ. ಹೋಗಬೇಡಿ. ಎರಡನೇ ಪ್ರತಿ ಮುಂದಿಟ್ಟು "ಮೇಡಂ, ಸೀಲು ಮತ್ತು ಇನ್ವರ್ಡ್ ನಂಬರ್ ಹಾಕಿಕೊಡಿ" ಅಂತ ನಗುತ್ತಲೇ ಕೇಳಿ. ಕಚೇರಿ ಹೆಸರಿನ ದುಂಡು ಸೀಲು, ತಾರೀಖು, ಸಹಿ, ಇನ್ವರ್ಡ್ ಸಂಖ್ಯೆ, ಈ ನಾಲ್ಕೂ ಇದೆಯಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ. ಸೀಲಿನ ಶಾಯಿ ಒಣಗಿ ತಾರೀಖು ಮಸುಕಾಗಿ ಬಿದ್ದಿದ್ದರೆ ಪಕ್ಕದಲ್ಲಿ ಪೆನ್ನಿನಲ್ಲಿ ಬರೆಸಿಕೊಳ್ಳಿ. ಕೊಡಲೇ ಇಲ್ಲ ಅಂದರೆ ಜಗಳ ಆಡಬೇಡಿ, ಅಂಚೆ ಕಚೇರಿಗೆ ಹೋಗಿ, ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಆ ರಸೀದಿಯೂ ನಡೆಯುತ್ತದೆ.

ಹೆಜ್ಜೆ 4: ಆರ್‌ಟಿಐ

ಉತ್ತರ ಬರಲಿಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಕೋಪವೆಲ್ಲ ಒಂದೇ ಅರ್ಜಿಗೆ ತುರುಕಿದರೆ ವಾಪಸ್ ಬರುತ್ತದೆ. "ನೀರು ಯಾಕೆ ಬಿಡುತ್ತಿಲ್ಲ?" ಅಂತ ಪ್ರಶ್ನೆ ಹಾಕಬೇಡಿ, ದಾಖಲೆ ಕೇಳಿ: ಈ ರಸ್ತೆಗೆ ನೀರು ಬಿಟ್ಟ ದಿನ ಮತ್ತು ಸಮಯದ ದಾಖಲೆಯ ಪ್ರತಿ, ಯುಜಿಡಿ ಬದಲಾಯಿಸಲು ತಯಾರಿಸಿದ ಅಂದಾಜು ಪಟ್ಟಿಯ ಪ್ರತಿ, ನಮ್ಮ ಮನವಿಯ ಮೇಲೆ ಬರೆದ ಟಿಪ್ಪಣಿ ಹಾಳೆಗಳ ಪ್ರತಿ. ಕಡತ ಪರಿಶೀಲಿಸಲು ಅವಕಾಶವನ್ನೂ ಕೇಳಬಹುದು. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

"ಯುಜಿಡಿ ಬದಲಾಯಿಸಬೇಕು" ಅಂತ ಅವರದೇ ಎಂಜಿನಿಯರ್ ಬರೆದ ಟಿಪ್ಪಣಿ ಸಿಕ್ಕಿತು ಅಂದರೆ, ನಿಮ್ಮ ಕೇಸಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹೆಜ್ಜೆ 5: ಎಲ್ಲಕ್ಕೂ ಹೈಕೋರ್ಟ್ ಬೇಡ

ತಪ್ಪು ಬಿಲ್ಲು, ಸಂಪರ್ಕ ಕೊಡಲು ವಿಳಂಬ, ಮೀಟರ್ ಜಗಳ ಇಂಥದ್ದಕ್ಕೆ ಖಾಯಂ ಲೋಕ ಅದಾಲತ್ ಇದೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ರಾಜಿಗೆ ಅಂತ ನಡೆಯುವ ರಾಷ್ಟ್ರೀಯ ಲೋಕ ಅದಾಲತ್ ಬೇರೆ, ಇದು ಬೇರೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 22ಎ, 22ಬಿ ಕಲಮುಗಳ ಪ್ರಕಾರ ಇದು ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಅಂತಲೇ ಇರುವ ಪೀಠ. ನೀರು ಪೂರೈಕೆಯೂ ಆ ಪಟ್ಟಿಯಲ್ಲಿದೆ, ನೈರ್ಮಲ್ಯ ವ್ಯವಸ್ಥೆಯೂ ಇದೆ. ಒಂದು ಕೋಟಿ ರೂಪಾಯಿ ವರೆಗಿನ ವಿವಾದ ತೊಗೊಳ್ಳುತ್ತದೆ. ಕೋರ್ಟ್ ಶುಲ್ಕ ಇಲ್ಲ. ಮೊದಲು ರಾಜಿಗೆ ಪ್ರಯತ್ನಿಸುತ್ತಾರೆ. ಆಗದಿದ್ದರೆ ಪೀಠವೇ ತೀರ್ಪು ಕೊಡಬಹುದು, ಎದುರಿನವರು ಒಪ್ಪದಿದ್ದರೂ ಸರಿ. ಈ ಅಧಿಕಾರ ಇದೆ ಅನ್ನುವುದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಖಚಿತ ಮಾಡಿದೆ. ಒಂದು ಮುಖ್ಯ ಷರತ್ತು, ಅದೇ ವಿಷಯಕ್ಕೆ ಮೊದಲೇ ಬೇರೆ ಕೋರ್ಟ್‌ಗೆ ಹೋಗಿರಬಾರದು. ಅದರ ತೀರ್ಪಿನ ಮೇಲೆ ಅಪೀಲು ಇಲ್ಲ, ರಿಟ್ ಮಾತ್ರ.

ಬಿಲ್ಡರ್ ಅಥವಾ ದುಡ್ಡು ತೊಗೊಂಡು ಸೇವೆ ಕೊಡದವರ ಮೇಲೆ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ಹಾಕಬೇಕು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಇ-ಜಾಗೃತಿ ಜಾಲತಾಣದಲ್ಲೇ ಸಲ್ಲಿಸಬಹುದು.

ಟ್ಯಾಂಕರ್ ದರದಂಥ ವಿಷಯಕ್ಕೆ ಜಿಲ್ಲಾಧಿಕಾರಿ ಕಚೇರಿ ಕೋರ್ಟ್‌ಗಿಂತ ಬೇಗ. 2024ರ ಮಾರ್ಚ್‌ನಲ್ಲಿ ನಗರ ಜಿಲ್ಲಾಡಳಿತ 5 ಕಿ.ಮೀ. ಒಳಗೆ 6,000 ಲೀಟರ್ ಟ್ಯಾಂಕರ್‌ಗೆ 600, 12,000 ಲೀಟರ್‌ಗೆ 1,000 ರೂಪಾಯಿ ಅಂತ ದರ ಕಟ್ಟಿದ್ದು ಆಡಳಿತದ ಆದೇಶದಿಂದ.

ರಸ್ತೆಯಲ್ಲಿ ಕೊಳಚೆ ಹರಿಯುತ್ತಿದ್ದರೆ ರತ್ಲಾಂ ಜನ ಹಿಡಿದ ದಾರಿ ಈಗಲೂ ತೆರೆದಿದೆ. ಅವರು ಬಳಸಿದ್ದು ಅಪರಾಧ ಪ್ರಕ್ರಿಯಾ ಸಂಹಿತೆಯ 133ನೇ ಕಲಮು. 2024ರ ಜುಲೈನಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು. ಸಾರ್ವಜನಿಕ ಉಪದ್ರವ ತೆಗೆಯಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಕಡಿಮೆ ಖರ್ಚಿನ ದಾರಿ ಇದು. ನಮ್ಮ ನಗರದಲ್ಲಿ ಇದನ್ನು ಇನ್ನೂ ಜಾಸ್ತಿ ಬಳಸಬೇಕು ಅಂತ ನನಗನಿಸುತ್ತದೆ.

ಕೆರೆ, ರಾಜಕಾಲುವೆ, ಅಂತರ್ಜಲ ಕೆಟ್ಟಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಂದರೆ ಎನ್‌ಜಿಟಿ. ನಮಗೆ ಸೇರಿದ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಇಲ್ಲಿ ಕಾಲಮಿತಿ ಬಹಳ ಬಿಗಿ. ಸಮಸ್ಯೆ ಮೊದಲು ಶುರುವಾದ ಆರು ತಿಂಗಳೊಳಗೆ ಹೋಗಬೇಕು, ಸಕಾರಣ ಇದ್ದರೆ ಇನ್ನು 60 ದಿನ. ಪರಿಹಾರ ಮತ್ತು ಪುನಶ್ಚೇತನ ಕೇಳುವುದಾದರೆ ಐದು ವರ್ಷ.

ಎನ್‌ಜಿಟಿ ಬಗ್ಗೆ ಒಂದು ಎಚ್ಚರಿಕೆಯೂ ಬೇಕು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಅದು ತಾನಾಗಿಯೇ ಕೇಸು ಎತ್ತಿಕೊಂಡಿತು. 2018ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ 500 ಕೋಟಿ ರೂಪಾಯಿ ತೆಗೆದಿಡಬೇಕು ಅಂದಿತು, ದಂಡ ಹಾಕಿತು, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ನೇತೃತ್ವದಲ್ಲಿ ಉಸ್ತುವಾರಿ ಸಮಿತಿ ಮಾಡಿತು. ಕೆಲಸ ಅಲ್ಲಿಂದ ಜೋರಾಯಿತು. ಆದರೆ ಕೆರೆ ಸುತ್ತ 75 ಮೀಟರ್ ಮೀಸಲು ವಲಯ ಇರಬೇಕು ಅಂತ 2016ರಲ್ಲಿ ಅದು ಕೊಟ್ಟ ಆದೇಶವನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ನಗರ ಯೋಜನೆಯ ನಿಯಮಗಳನ್ನೇ ಬದಲಿಸುವ ಅಧಿಕಾರ ಅದಕ್ಕಿಲ್ಲ ಅನ್ನುವುದು ಕಾರಣ. ಆದ್ದರಿಂದ ಎನ್‌ಜಿಟಿಯ ಮುಂದೆ ಕೊಳಚೆ ನಿಲ್ಲಿಸಿ ಅಂತ ಕೇಳಿ. ನಿಯಮ ಬದಲಿಸಿ ಅಂತ ಕೇಳಬೇಡಿ.

ಹೆಜ್ಜೆ 6: ಹೈಕೋರ್ಟ್

ಮೇಲಿನ ಯಾವುದೂ ಸಾಲದು ಅಂತಾದಾಗ ಅಟ್ಟಾರ ಕಚೇರಿಯ ಕೆಂಪು ಕಟ್ಟಡ. 226ನೇ ವಿಧಿಯ ರಿಟ್ ಅರ್ಜಿ. ಇದಕ್ಕೆ ವಕೀಲರು ಇರಲಿ. ಖರ್ಚು ಕಷ್ಟ ಅಂದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ನಿಮ್ಮ ಸಂಘದ ಪರವಾಗಿ ಒಬ್ಬ ಮಹಿಳೆ ಅರ್ಜಿದಾರರಾದರೆ ಅದರಲ್ಲಿ ತಪ್ಪೇನಿಲ್ಲ. ನೀರಿಲ್ಲದ ಮನೆಯ ಕಷ್ಟ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಿಮ್ಮದೇ ಸಂಪರ್ಕ, ನಿಮ್ಮದೇ ರಸ್ತೆ ಆದರೆ ಸಾಧಾರಣ ರಿಟ್ ಹಾಕಿ. ಪಿಐಎಲ್ ಅಂತ ಹೆಸರಿಟ್ಟರೆ ತೂಕ ಬರುತ್ತದೆ ಅಂದುಕೊಳ್ಳಬೇಡಿ. ಕರ್ನಾಟಕ ಹೈಕೋರ್ಟ್‌ಗೆ 2018ರ ಪಿಐಎಲ್ ನಿಯಮಗಳಿವೆ, ಸ್ವಂತ ಹಿತಾಸಕ್ತಿ ಇದೆಯಾ ಅಂತ ಮೊದಲೇ ನೋಡುತ್ತಾರೆ. ಇಡೀ ನಗರದ ಸಾರ್ವಜನಿಕ ಶೌಚಾಲಯ, ಸರ್ಕಾರಿ ಶಾಲೆಗಳ ಶೌಚಾಲಯ, ಕೆರೆಗಳು, ಇಂಥವು ಪಿಐಎಲ್‌ಗೆ ತಕ್ಕ ವಿಷಯ. ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವುದರ ವಿರುದ್ಧ 2008ರಲ್ಲಿ ಹಾಕಿದ ಪಿಐಎಲ್‌ನಿಂದಲೇ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಬಂತು, 2012ರಲ್ಲಿ ಕೆರೆ ಸಂರಕ್ಷಣೆಗೆ ವಿವರವಾದ ಆದೇಶ ಬಂತು. ಶಾಲೆಗಳಿಗೆ ಸಂಬಂಧಿಸಿ, ಆರು ತಿಂಗಳಲ್ಲಿ ಕುಡಿಯುವ ನೀರು ಮತ್ತು ಶೌಚಾಲಯ ಕೊಡಿ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಎಲ್ಲ ರಾಜ್ಯಗಳಿಗೆ ಹೇಳಿದೆ. 2025ರ ಜನವರಿಯಲ್ಲಿ ಕೋರ್ಟ್ ಆವರಣಗಳಲ್ಲೇ ಸರಿಯಾದ ಶೌಚಾಲಯ ಕಟ್ಟಿ ಅಂತಲೂ ಆದೇಶ ಕೊಟ್ಟಿತು. ತಮ್ಮ ಮನೆಯ ಸ್ಥಿತಿಯನ್ನೂ ಒಪ್ಪಿಕೊಂಡರಲ್ಲ, ಅದು ಮೆಚ್ಚಬೇಕಾದದ್ದು.

ಈಗ ಮುಖ್ಯ ವಿಷಯ: ಏನು ಕೇಳಬೇಕು. ಬಹಳ ರಿಟ್‌ಗಳು ಹೀಗೆ ಮುಗಿಯುತ್ತವೆ: "ಅರ್ಜಿದಾರರ ಮನವಿಯನ್ನು ಇಷ್ಟು ವಾರಗಳೊಳಗೆ ಪರಿಗಣಿಸಿ." ಸಂಘದವರು ಸಿಹಿ ಹಂಚುತ್ತಾರೆ. ವಾರಗಳಾದ ಮೇಲೆ ಜಲಮಂಡಳಿಯಿಂದ ಒಂದು ಪತ್ರ ಬರುತ್ತದೆ: "ಪರಿಗಣಿಸಲಾಗಿದೆ, ತಾಂತ್ರಿಕವಾಗಿ ಸಾಧ್ಯವಿಲ್ಲ." ಪರಿಗಣಿಸಿ ಅಂದರೆ ಮಾಡಿ ಅಂತಲ್ಲ! ಆದೇಶ ಪಾಲನೆ ಆಯಿತು, ನೀರು ಬರಲಿಲ್ಲ.

ಹಾಗಾಗಿ ವಕೀಲರ ಜೊತೆ ಕೂತು ಕೋರಿಕೆಯ ಭಾಗವನ್ನು ನೀವೇ ಓದಿ. ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆ ನೀರು ಅಂತ ಇದೆಯಾ? ಜಂಟಿ ಸ್ಥಳ ಪರಿಶೀಲನೆ ಕೇಳಿದ್ದೀರಾ? ಕೇಸು ಮುಗಿಯುವ ತನಕ ಮಂಡಳಿಯ ಖರ್ಚಿನಲ್ಲಿ ಟ್ಯಾಂಕರ್ ಕೊಡಿ ಅನ್ನುವ ಮಧ್ಯಂತರ ಕೋರಿಕೆ ಇದೆಯಾ? ಕೆಲಸ ಆದ ಮೇಲೆ ಇಂಥ ತಾರೀಖಿಗೆ ಪಾಲನಾ ಅಫಿಡವಿಟ್ ಸಲ್ಲಿಸಬೇಕು ಅಂತ ಕೇಳಿದ್ದೀರಾ? ಇದೆಲ್ಲ ಸಿಗುತ್ತದೆ ಅಂತಲ್ಲ. ಕೇಳದೇ ಇದ್ದರೆ ಸಿಗುವುದೇ ಇಲ್ಲ. ನಿಮ್ಮ ನೋಟ್‌ಬುಕ್‌ನ ದಿನವಾರು ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಇಷ್ಟು ಬರುತ್ತಿತ್ತು, ಈಗ ಇಷ್ಟಕ್ಕೆ ಇಳಿದಿದೆ ಅಂತ ತೋರಿಸಿದರೆ ಕೋರ್ಟ್‌ಗೆ ಒಂದು ಅಳತೆ ಸಿಗುತ್ತದೆ.

ಸ್ವಾಧೀನ ಪ್ರಮಾಣಪತ್ರ, ಅಂದರೆ ಓಸಿ ಇಲ್ಲದ ಕಟ್ಟಡದವರು ಇನ್ನೊಂದು ಸಂಗತಿ ತಿಳಿದಿರಬೇಕು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಓಸಿ ತೋರಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದಿದೆ. ಬೆಂಗಳೂರಿನಲ್ಲಿ ಹೊಸ ಸಂಪರ್ಕ ಕೇಳುವವರಿಗೆ ಇದೇ ದೊಡ್ಡ ಗೋಡೆ. ಸಣ್ಣ ನಿವೇಶನದ ಮನೆಗಳಿಗೆ ರಾಜ್ಯ ಸರ್ಕಾರ ಆಮೇಲೆ ಓಸಿಯಿಂದ ವಿನಾಯಿತಿ ಕೊಟ್ಟಿದೆ, ನಿಮ್ಮದು ಅದರೊಳಗೆ ಬರುತ್ತದಾ ಅಂತ ಮೊದಲು ನೋಡಿ. ಇನ್ನೊಂದು ಕಡೆ, 2014ರಲ್ಲಿ ಬಾಂಬೆ ಹೈಕೋರ್ಟ್, ಅನಧಿಕೃತ ಕೊಳೆಗೇರಿಯಲ್ಲಿ ಇದ್ದಾರೆ ಅನ್ನುವ ಕಾರಣಕ್ಕೇ ಕುಡಿಯುವ ನೀರು ನಿರಾಕರಿಸುವ ಹಾಗಿಲ್ಲ ಅಂತ ಮುಂಬೈ ಪಾಲಿಕೆಗೆ ಹೇಳಿತ್ತು. ಆ ತೀರ್ಪು ನಮ್ಮ ಹೈಕೋರ್ಟ್ ಮೇಲೆ ಕಡ್ಡಾಯ ಅಲ್ಲ, ಆದರೆ ಕೊಳೆಗೇರಿ ನಿವಾಸಿಗಳ ಪರ ವಾದಕ್ಕೆ ಬಲ ಕೊಡುತ್ತದೆ. ಅಂಥ ಕಡೆ ಮನೆಮನೆ ಸಂಪರ್ಕಕ್ಕೆ ಪಟ್ಟು ಹಿಡಿಯುವುದಕ್ಕಿಂತ ಸಾರ್ವಜನಿಕ ನಲ್ಲಿ ಅಥವಾ ಟ್ಯಾಂಕರ್ ಕೇಳುವುದು ಬೇಗ ಕೈಗೂಡುವ ದಾರಿ.

ನಡುವೆ ಒಂದು ಮಾತು: ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸಬೇಡಿ

ಕೇಸು ನಡೆಯುತ್ತಿರುವಾಗಲೇ ಯುಜಿಡಿ ಉಕ್ಕುತ್ತದೆ. ಯಾರೋ ಒಬ್ಬರು "ಐನೂರು ಕೊಟ್ರೆ ಇಳಿದು ಕ್ಲೀನ್ ಮಾಡ್ತಾರೆ" ಅನ್ನುತ್ತಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಇದು ಅಪರಾಧ, ಇಳಿಸಿದವರ ಮೇಲೇ ಕೇಸು. ಅಪಾರ್ಟ್‌ಮೆಂಟ್ ಸಂಘದ ಪದಾಧಿಕಾರಿಗಳೂ ಇದರಿಂದ ಹೊರಗಿಲ್ಲ. ಒಳಚರಂಡಿ ಸಾವುಗಳಿಗೆ 2014ರಲ್ಲಿ 10 ಲಕ್ಷ ಅಂತ ನಿಗದಿಯಾಗಿದ್ದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಕೈಯಿಂದ ಒಳಚರಂಡಿ ಸ್ವಚ್ಛ ಮಾಡಿಸುವುದನ್ನು ನಿಲ್ಲಿಸಿ ಅಂತ ಖಡಕ್ಕಾಗಿ ಹೇಳಿತು. 1916ಕ್ಕೆ ಫೋನ್ ಮಾಡಿ ಜೆಟ್ಟಿಂಗ್ ಯಂತ್ರ ಕೇಳಿ. ತಡವಾದರೆ ಆ ತಡವನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಜಲಮಂಡಳಿ ಕಡೆಯವರೇ ಮನುಷ್ಯರನ್ನು ಇಳಿಸಿದರೂ ತಡೆಯಿರಿ, ದೂರು ಕೊಡಿ.

ಹೆಜ್ಜೆ 7: ಆದೇಶ ಬಂದ ಮೇಲೆ

ಆದೇಶದ ದೃಢೀಕೃತ ಪ್ರತಿಗೆ ಅದೇ ದಿನ ಅರ್ಜಿ ಹಾಕಿ. ಪ್ರತಿ ಬಂದ ಕೂಡಲೇ ಒಂದು ಮುಖಪತ್ರದ ಜೊತೆ ಅದನ್ನು ಸಂಬಂಧಪಟ್ಟ ಎಂಜಿನಿಯರ್‌ಗೆ, ಅಧ್ಯಕ್ಷರಿಗೆ, ಪಾಲಿಕೆ ಆಯುಕ್ತರಿಗೆ ಕೊಟ್ಟು ಮತ್ತೆ ಸೀಲ್ ಹಾಕಿಸಿಕೊಳ್ಳಿ. "ಆದೇಶ ನಮ್ಮ ಗಮನಕ್ಕೆ ಬಂದಿರಲಿಲ್ಲ" ಅನ್ನುವುದು ಹಳೇ ಉತ್ತರ, ಅದಕ್ಕೆ ಜಾಗ ಬಿಡಬೇಡಿ. ಕೋರ್ಟ್ ಕೊಟ್ಟ ಗಡುವು ಎಂದು ಮುಗಿಯುತ್ತದೆ ಅಂತ ಗೋಡೆ ಕ್ಯಾಲೆಂಡರ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಗಡುವು ಆದೇಶದ ದಿನದಿಂದಲೋ, ಪ್ರತಿ ತಲುಪಿದ ದಿನದಿಂದಲೋ ಅಂತ ಆದೇಶದ ಕೊನೆಯ ಸಾಲುಗಳಲ್ಲಿ ನೋಡಿ.

ಗಡುವು ಮುಗಿದ ಮೇಲೆ ವಕೀಲರಿಂದ ಒಂದು ನೋಟಿಸ್. ಆಗಲೂ ಕೆಲಸ ಆಗದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ. ಇದಕ್ಕೆ ಕಾಲಮಿತಿ ಒಂದು ವರ್ಷ, ಉಲ್ಲಂಘನೆ ಆದ ದಿನದಿಂದ. "ಮಾಡ್ತೀವಿ, ಸ್ವಲ್ಪ ಟೈಮ್ ಕೊಡಿ" ಅನ್ನುವ ಮಾತು ನಂಬಿಕೊಂಡು ವರ್ಷ ಕಳೆದರೆ ಆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಅರ್ಜಿಯಲ್ಲಿ ಇಲಾಖೆಯ ಹೆಸರಷ್ಟೇ ಸಾಲದು, ಆ ಹುದ್ದೆಯಲ್ಲಿ ಈಗ ಇರುವ ಅಧಿಕಾರಿಯ ಹೆಸರು ಬೇಕು. ನಡುವೆ ವರ್ಗಾವಣೆ ಆಗಿರಬಹುದು, ಅದನ್ನು ಸರಿಯಾಗಿ ವಿಚಾರಿಸಿಕೊಳ್ಳಿ. ನಿಂದನೆ ನೋಟಿಸ್ ಹೋದ ವಾರವೇ ಜೆಸಿಬಿ ಬಂದು ರಸ್ತೆ ಅಗೆಯುವುದೂ ಉಂಟು. ಆಗ ಖುಷಿಯಲ್ಲಿ ಅರ್ಜಿ ವಾಪಸ್ ತೊಗೊಳ್ಳಬೇಡಿ. ಪೈಪ್ ಹಾಕಿ, ಗುಂಡಿ ಮುಚ್ಚಿ, ನಲ್ಲಿಯಲ್ಲಿ ನೀರು ಬಂದು, ಪಾಲನಾ ಅಫಿಡವಿಟ್ ಕೋರ್ಟ್‌ಗೆ ಸಲ್ಲಿಕೆ ಆಗುವ ತನಕ ಅರ್ಜಿ ಅಲ್ಲೇ ಇರಲಿ.